ಮೂಸೆ ಇಲ್ಲದೆ ಕರಗುವ ಲೋಹ

ಟೈಟಾನಿಯಂ ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಶಾಖ ಕೊಡುವ ಕುಲುಮೆಗಳು ಬೇಕಾದಷ್ಟಿವೆ. ತೊಡಕು ಶುರುವಾಗುವುದು ಕರಗಿದ ಮೇಲೆ: ಅದನ್ನು ಯಾವ ಪಾತ್ರೆಯಲ್ಲಿ ಹಿಡಿದಿಡುವುದು? ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಮೂಸೆಯಲ್ಲಿಟ್ಟರೆ ದ್ರವ ಟೈಟಾನಿಯಂ ಮೂಸೆಯ ಗೋಡೆಯಿಂದಲೇ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಗ್ರಾಫೈಟ್ ಮೂಸೆಯಲ್ಲಿಟ್ಟರೆ ಇಂಗಾಲ ಹೀರಿ ಕಾರ್ಬೈಡ್ ಕಟ್ಟುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೂಸೆಯಲ್ಲಿರುವುದು ನಾವು ತೂಗಿ ಹಾಕಿದ ಲೋಹವಾಗಿ ಉಳಿದಿರುವುದಿಲ್ಲ. ಜಿರ್ಕೋನಿಯಂ ಪಾಡೂ ಇದೇ. ಇನ್ನು 3422 ಡಿಗ್ರಿಯಲ್ಲಿ ಕರಗುವ ಟಂಗ್‌ಸ್ಟನ್ನಿಗಂತೂ ತಾಳಿಕೊಳ್ಳುವ ಮೂಸೆ ಸಿಗುವುದೇ ಕಷ್ಟ.

ಈ ತೊಡಕಿನ ಬಿಸಿ ಎರಕದ ಕಾರ್ಖಾನೆಗಳಿಗೂ ತಟ್ಟುತ್ತದೆ. ವಿಮಾನದ ಎಂಜಿನ್ನಿಗೆ ಟರ್ಬೈನ್ ಅಲಗನ್ನು ಎರಕ ಹೊಯ್ಯುವ ಮೊದಲು ಅದನ್ನು ಕಂಪ್ಯೂಟರಿನಲ್ಲಿ ಹೊಯ್ದು ನೋಡುತ್ತಾರೆ. ಲೋಹ ಅಚ್ಚಿನ ತೆಳು ಅಂಚಿನವರೆಗೂ ಓಡುತ್ತದೆಯೇ, ಇಲ್ಲವೇ ದಾರಿಯಲ್ಲೇ ಹೆಪ್ಪುಗಟ್ಟುತ್ತದೆಯೇ? ಕೊನೆಗೆ ಘನವಾಗುವ ಜಾಗ ಯಾವುದು, ಅಲ್ಲಿ ಲೋಹ ಕುಗ್ಗಿ ಕುಳಿ ಬೀಳುತ್ತದೆಯೇ? ಉತ್ತರ ಬರಬೇಕಾದರೆ ಆ ಮಿಶ್ರಲೋಹ ದ್ರವವಾಗಿದ್ದಾಗಿನ ಸಾಂದ್ರತೆ, ಸ್ನಿಗ್ಧತೆ (ಹರಿಯಲು ದ್ರವ ಒಡ್ಡುವ ಅಡ್ಡಿ), ಮೇಲ್ಮೈ ಎಳೆತ (ಮೇಲ್ಮೈಯನ್ನು ಕುಗ್ಗಿಸಲು ಎಳೆಯುವ ಬಲ), ವಿಶಿಷ್ಟ ಶಾಖ (ಒಂದು ಡಿಗ್ರಿ ಕಾಯಲು ಬೇಕಾದ ಶಾಖ), ಉಷ್ಣವಾಹಕತೆ ಇವಿಷ್ಟನ್ನೂ ಲೆಕ್ಕಕ್ಕೆ ಉಣಿಸಬೇಕು. ಶತಮಾನಗಳಿಂದ ಕರಗಿಸುತ್ತ ಬಂದಿರುವ ಕಬ್ಬಿಣದ ಸ್ನಿಗ್ಧತೆಗೇ ಬೇರೆ ಬೇರೆ ಪ್ರಯೋಗಾಲಯಗಳು ಕೊಟ್ಟ ಬೆಲೆಗಳ ನಡುವೆ ಅರ್ಧಕ್ಕರ್ಧ ವ್ಯತ್ಯಾಸ ಕಂಡದ್ದಿದೆ. ಮೂಸೆಯನ್ನೇ ತಿನ್ನುವ ಟೈಟಾನಿಯಂ ಮಿಶ್ರಲೋಹಗಳ ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದನ್ನು ಇದರಿಂದಲೇ ಊಹಿಸಬಹುದು.

ಈ ಅಂಕಿಗಳಿಗಾಗಿಯೇ ಲೋಹವನ್ನು ಕಕ್ಷೆಗೆ ಒಯ್ದು ಕರಗಿಸುವುದು. ಬಾಹ್ಯಾಕಾಶದಲ್ಲಿ ಲೋಹ ಕರಗಿಸುತ್ತಾರೆ ಎಂದ ಕೂಡಲೇ ಅಲ್ಲಿ ಯಾವುದೋ ಅಪೂರ್ವ ಲೋಹ ತಯಾರಾಗುತ್ತದೆ ಎಂದು ಎಣಿಸುವವರು ಹೆಚ್ಚು. 1970ರ ದಶಕದಲ್ಲಿ ವಿಜ್ಞಾನಿಗಳಿಗೂ ಆ ಆಸೆ ಇತ್ತು. ಈಗ ಅಲ್ಲಿಂದ ಭೂಮಿಗೆ ಇಳಿಯುವ ಬೆಲೆಬಾಳುವ ಸರಕು ಅಂಕಿಗಳು. ಪಾತ್ರೆ ಮುಟ್ಟದ, ಕಲಕದ, ಶುದ್ಧ ದ್ರವಲೋಹವನ್ನು ಅಳೆದು ಪಡೆದ ಅಂಕಿಗಳು.

ಪಾತ್ರೆಯೇ ಬೇಡವೆಂದರೆ ಲೋಹವನ್ನು ಗಾಳಿಯಲ್ಲಿ ತೇಲಿಸಬೇಕು. ಭೂಮಿಯ ಮೇಲೂ ಇದು ಸಾಧ್ಯ. ನೀರು ಹರಿಸಿ ತಂಪಾಗಿಟ್ಟ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಸಿದರೆ, ಒಳಗಿಟ್ಟ ಲೋಹದಲ್ಲಿ ಸುಳಿವಿದ್ಯುತ್ ಹುಟ್ಟುತ್ತದೆ. ಸುರುಳಿಯ ಕಾಂತಕ್ಷೇತ್ರ ಆ ಸುಳಿವಿದ್ಯುತ್ತನ್ನು ತಳ್ಳುತ್ತದೆ, ಲೋಹ ಮೇಲೇಳುತ್ತದೆ. ಅದೇ ಸುಳಿವಿದ್ಯುತ್ ಲೋಹವನ್ನು ಕಾಯಿಸಿ ಕರಗಿಸುತ್ತದೆ. ಎತ್ತುವುದೂ ಕಾಯಿಸುವುದೂ ಒಂದೇ ಕ್ಷೇತ್ರದ ಕೆಲಸವಾಗಿರುವುದೇ ಇಲ್ಲಿನ ಸಮಸ್ಯೆ. ಹನಿಯ ಭಾರ ಹೊರುವಷ್ಟು ಕ್ಷೇತ್ರ ಹಾಕಿದರೆ ಅದು ಕಾಯುತ್ತಲೇ ಇರುತ್ತದೆ. ತಣಿಸಬೇಕೆಂದರೆ ಹೀಲಿಯಂ ಊದಬೇಕು, ಊದಿದರೆ ಹನಿ ಅಲುಗಾಡುತ್ತದೆ. ಭಾರಕ್ಕೆ ಕೆಳಗೆ ಜಗ್ಗಿ ಹನಿ ಬುಗುರಿಯ ಆಕಾರ ತಾಳುತ್ತದೆ. ಕಾಂತಬಲ ಹನಿಯ ಒಳಗನ್ನು ಬಲವಾಗಿ ಕಲಕುತ್ತದೆ. ಆ ಹರಿವು ಸೆಕೆಂಡಿಗೆ ಹತ್ತಾರು ಸೆಂಟಿಮೀಟರ್ ವೇಗ ಮುಟ್ಟಿ ಪ್ರಕ್ಷುಬ್ಧವಾಗುತ್ತದೆ. ಹೀಗೆ ಕಲಕುವ ದ್ರವದ ಸ್ನಿಗ್ಧತೆಯನ್ನು ಅಳೆಯಲಾಗದು, ಅಳೆದರೆ ಸಿಗುವುದು ಪ್ರಕ್ಷುಬ್ಧತೆಯ ಅಳತೆ.

ತೂಕ ಇಲ್ಲದಾದರೆ ಈ ತೊಡಕುಗಳು ಒಟ್ಟಿಗೇ ಸಡಿಲವಾಗುತ್ತವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಿಕೊಳ್ಳಬೇಕು. ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ನೆಲದಲ್ಲಿರುವುದರ ಸುಮಾರು 90 ಶೇಕಡಾ ಇದ್ದೇ ಇದೆ. ನಿಲ್ದಾಣವೂ ಒಳಗಿನ ಲೋಹವೂ ಜೊತೆಯಾಗಿ ಬೀಳುತ್ತಲೇ ಇರುವುದರಿಂದ ಒಂದಕ್ಕೊಂದು ಭಾರವಾಗುವುದಿಲ್ಲ. ಉಳಿಯುವುದು ವಾತಾವರಣದ ತೆಳು ಎಳೆತ, ಪಂಪು-ಫ್ಯಾನುಗಳ ಕಂಪನ, ಗಗನಯಾತ್ರಿಗಳ ಓಡಾಟದ ತಳ್ಳು. ಅದಕ್ಕೇ ಶೂನ್ಯಗುರುತ್ವ ಎನ್ನದೆ ಸೂಕ್ಷ್ಮಗುರುತ್ವ ಎನ್ನುವುದು.

ಜೊತೆಯಾಗಿ ಬೀಳುವ ಈ ಸ್ಥಿತಿ ಕಕ್ಷೆಗೆ ಹೋಗದೆಯೂ ಸಿಗುತ್ತದೆ, ಆದರೆ ಅಳೆದು ಸುರಿದಷ್ಟೇ. ಜರ್ಮನಿಯ ಬ್ರೆಮೆನ್ನಿನಲ್ಲಿ 146 ಮೀಟರ್ ಎತ್ತರದ ಗೋಪುರವಿದೆ. ಅದರೊಳಗಿನ ನಿರ್ವಾತ ಕೊಳವೆಯಲ್ಲಿ ಉಪಕರಣದ ಡಬ್ಬಿಯನ್ನು ಬೀಳಬಿಟ್ಟರೆ 4.74 ಸೆಕೆಂಡು, ಕೆಳಗಿನಿಂದ ಚಿಮ್ಮಿಸಿ ಮತ್ತೆ ಬೀಳಿಸಿದರೆ 9.3 ಸೆಕೆಂಡು ದೊರೆಯುತ್ತದೆ. ಫ್ರಾನ್ಸಿನ ಬೋರ್ಡೋದಿಂದ ಹಾರುವ ಏರ್‌ಬಸ್ ಎ310 ವಿಮಾನ ಬಿಲ್ಲಿನಂತೆ ಏರಿ ಇಳಿಯುವಾಗ ಒಂದೊಂದು ಸಲಕ್ಕೆ 22 ಸೆಕೆಂಡು ಸಿಗುತ್ತದೆ. ಒಂದು ಹಾರಾಟದಲ್ಲಿ ಇಂಥವು 31. ಸ್ವೀಡನ್ನಿನ ಕಿರುನಾ ಬಳಿಯಿಂದ 1977ರಿಂದ ಹಾರುತ್ತಿರುವ ಟೆಕ್ಸಸ್ ರಾಕೆಟ್ಟುಗಳು ಸುಮಾರು 6 ನಿಮಿಷ ಕೊಡುತ್ತವೆ. ವಿಮಾನದಲ್ಲಿ ಗಡಿಯಾರದ ಜೊತೆ ಓಟ: ಮೊದಲ ಕೆಲವು ಸೆಕೆಂಡುಗಳಲ್ಲಿ ಲೋಹ ಕರಗಬೇಕು, ನಡುವೆ ಅಳತೆ ಆಗಬೇಕು, ಕೊನೆಗೆ ಅನಿಲ ಊದಿ ಗಟ್ಟಿ ಮಾಡಿರಬೇಕು. ಏಕೆಂದರೆ ಬಿಲ್ಲು ಮುಗಿದ ಕೂಡಲೇ ವಿಮಾನದಲ್ಲಿ ಎಲ್ಲದರ ತೂಕ ನೆಲದಲ್ಲಿರುವುದರ 1.8 ಪಟ್ಟಾಗುತ್ತದೆ. ಆಗಲೂ ಹನಿ ದ್ರವವಾಗಿದ್ದರೆ ಅದು ಬಿದ್ದು ಹಿಡಿಕೆಗೆ ಅಂಟಿಕೊಳ್ಳುತ್ತದೆ, ಮಾದರಿ ಕೆಟ್ಟಂತೆಯೇ.

ಕಕ್ಷೆಯಲ್ಲಿ ಹನಿ ತೇಲಿಸುವ ಜರ್ಮನ್ ಉಪಕರಣ ಟೆಂಪಸ್ ಮೊದಲು ಹಾರಿದ್ದು 1994ರ ಜುಲೈನಲ್ಲಿ, ಕೊಲಂಬಿಯಾ ನೌಕೆಯಲ್ಲಿ. ಅದರ ಎರಡನೇ ಯಾನ 1997ರ ಏಪ್ರಿಲ್‌ನಲ್ಲಿ ಇಂಧನಕೋಶದ ತೊಂದರೆಯಿಂದ ನಾಲ್ಕೇ ದಿನಕ್ಕೆ ಮುಗಿಯಿತು. ನಾಸಾ ಅದೇ ನೌಕೆ, ಅದೇ ತಂಡ, ಅದೇ ಉಪಕರಣಗಳನ್ನು ಜುಲೈನಲ್ಲಿ ಮತ್ತೆ ಹಾರಿಸಿತು. ಇಂದು ಕೆಲಸ ನಡೆಯುತ್ತಿರುವುದು ಅದರ ಮುಂದಿನ ಪೀಳಿಗೆಯ ಯಂತ್ರದಲ್ಲಿ. ಯುರೋಪಿನ ಕೊಲಂಬಸ್ ಪ್ರಯೋಗಾಲಯದೊಳಗಿನ ಈ ವಿದ್ಯುತ್ಕಾಂತೀಯ ತೇಲುಕುಲುಮೆ ನಿಲ್ದಾಣಕ್ಕೆ ಹೋದದ್ದು 2014ರಲ್ಲಿ, ಜೋಡಿಸಿದ್ದು ಜರ್ಮನ್ ಗಗನಯಾತ್ರಿ ಅಲೆಕ್ಸಾಂಡರ್ ಗೆರ್ಸ್ಟ್. ಉಡಾವಣೆಯ ಅದುರಿಗೆ ಕದಲದಿರಲೆಂದು ಹಾಕಿದ್ದ ಒಂದು ಬೋಲ್ಟು ಬಿಚ್ಚಲು ಬರಲಿಲ್ಲ. ಗರಗಸದಿಂದ ಕೊಯ್ಯದೆ ವಿಧಿಯಿರಲಿಲ್ಲ. ತೂಕವಿಲ್ಲದ ಕಡೆ ಲೋಹದ ಪುಡಿ ಹಾರಿದರೆ ಕಣ್ಣು, ಶ್ವಾಸಕೋಶ, ವಿದ್ಯುತ್ ಸರ್ಕೀಟು ಎಲ್ಲಿ ಬೇಕಾದರೂ ಹೊಕ್ಕೀತು. ಗೆರ್ಸ್ಟ್ ಬೋಲ್ಟಿನ ಸುತ್ತ ಗಡ್ಡಕ್ಕೆ ಹಚ್ಚುವ ಶೇವಿಂಗ್ ನೊರೆ ಬಳಿದು, ಪುಡಿಯೆಲ್ಲ ನೊರೆಯಲ್ಲೇ ಸಿಕ್ಕಿಕೊಳ್ಳುವಂತೆ ಮಾಡಿ ಕೊಯ್ದರು.

ಈ ಯಂತ್ರದ ಮಾದರಿ 5ರಿಂದ 8 ಮಿಲಿಮೀಟರ್ ವ್ಯಾಸದ ಗುಂಡು. ಒಂದು ಪೆಟ್ಟಿಗೆಯಲ್ಲಿ ಇಂಥ 18 ಗುಂಡುಗಳು, ಪ್ರತಿಯೊಂದೂ ತಂತಿಯ ಪುಟ್ಟ ಪಂಜರದಲ್ಲೋ ಸೆರಾಮಿಕ್ ಬಟ್ಟಲಲ್ಲೋ ಕೂತು ಮೇಲೆ ಹೋಗುತ್ತವೆ. ಹೋಗುವ ಮೊದಲು ಪ್ರತಿ ಗುಂಡಿನ ತೂಕ ನಿಖರವಾಗಿ ದಾಖಲಾಗಿರುತ್ತದೆ. ಇದು ಯಾಕೆ ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ. ಸುರುಳಿಯಲ್ಲಿ ಎರಡು ಕ್ಷೇತ್ರಗಳು ಬೇರೆ ಬೇರೆ ಆವರ್ತನದಲ್ಲಿ ಏಕಕಾಲಕ್ಕೆ ಇರುತ್ತವೆ. ಸುಮಾರು 150 ಕಿಲೋಹರ್ಟ್ಸ್‌ನದು ಹನಿಯನ್ನು ನಡುವಿನಲ್ಲಿ ಹಿಡಿದಿಡಲು, ಅದರ ಎರಡು ಪಟ್ಟಿಗಿಂತ ಹೆಚ್ಚಿನ ಆವರ್ತನದ್ದು ಕಾಯಿಸಲು. ಭಾರ ಹೊರುವ ಕೆಲಸ ಇಲ್ಲವಾದ್ದರಿಂದ ಹಿಡಿದಿಡಲು ಬೇಕಾದ ಬಲ ಅತ್ಯಲ್ಪ, ಅದರಿಂದಾಗುವ ಕಾವೂ ಅಲ್ಪ. ಕಾಯಿಸುವುದನ್ನೂ ಹಿಡಿಯುವುದನ್ನೂ ಬೇರ್ಪಡಿಸಲು ಆಗುವುದೇ ಕಕ್ಷೆಯ ನಿಜವಾದ ಲಾಭ.

ಒಂದು ಸುತ್ತಿನ ಕರಗಿಸುವಿಕೆ ಹೀಗೆ ಸಾಗುತ್ತದೆ. ಕೋಣೆಯ ಗಾಳಿ ತೆಗೆದು ನಿರ್ವಾತ ಮಾಡುತ್ತಾರೆ, ಇಲ್ಲವೇ ಶುದ್ಧ ಆರ್ಗಾನ್ ಅಥವಾ ಹೀಲಿಯಂ ತುಂಬುತ್ತಾರೆ. ಗುಂಡು ಸುರುಳಿಯ ನಡುವೆ ಬಂದು ನಿಲ್ಲುತ್ತದೆ. ಕಾಯಿಸುವ ಕ್ಷೇತ್ರ ಏರಿಸಿದಾಗ ಉಷ್ಣತೆ ಸರಸರನೆ ಏರಿ ಒಂದು ಕಡೆ ತಡೆದು ನಿಲ್ಲುತ್ತದೆ, ಅಲ್ಲಿ ಲೋಹ ಕರಗುತ್ತಿರುತ್ತದೆ. ದೂರದಿಂದ ಉಷ್ಣತೆ ನೋಡುವ ಪೈರೋಮೀಟರಿಗೆ ಲೋಹದ ಹೊಳಪಿನ ಗುಣ ಮೊದಲೇ ಗೊತ್ತಿರುವುದಿಲ್ಲ. ಕರಗುವ ಬಿಂದು ನೆಲದ ಪ್ರಯೋಗಾಲಯದಲ್ಲಿ ಅಳೆದು ಗೊತ್ತಿರುವುದರಿಂದ ಆ ತಡೆಯನ್ನೇ ಗುರುತಾಗಿಟ್ಟು ಪೈರೋಮೀಟರನ್ನು ಸರಿಹೊಂದಿಸುತ್ತಾರೆ. ಕರಗಿದ ಮೇಲೂ ಇನ್ನಷ್ಟು ಕಾಯಿಸುತ್ತಾರೆ. ಮೇಲ್ಮೈಯಲ್ಲಿ ತೇಲುವ ಆಕ್ಸೈಡ್ ಚೂರುಗಳು ಕರಗಿ ಹೋಗದಿದ್ದರೆ ಮುಂದಿನ ಅಳತೆಗಳೆಲ್ಲ ಕೆಡುತ್ತವೆ. ಆಮೇಲೆ ಕಾಯಿಸುವ ಕ್ಷೇತ್ರ ಕಡಿದುಬಿಟ್ಟರೆ ಹನಿ ತನ್ನಷ್ಟಕ್ಕೆ ತಣಿಯಲು ತೊಡಗುತ್ತದೆ. 7 ಮಿಲಿಮೀಟರ್ ವ್ಯಾಸದ ನಿಕಲ್ ಹನಿ ನಿರ್ವಾತದಲ್ಲಿ ಬೆಳಕು-ಶಾಖ ಸೂಸಿ ಕಳೆದುಕೊಳ್ಳುವುದು ಲೆಕ್ಕದ ಪ್ರಕಾರ ಸುಮಾರು 15 ವಾಟ್, ಅಂದರೆ ಸೆಕೆಂಡಿಗೆ ಸುಮಾರು 15 ಡಿಗ್ರಿ ಇಳಿಕೆ. ಇದೆಲ್ಲವನ್ನೂ ನಡೆಸುವುದು ಜರ್ಮನಿಯ ಕಲೋನ್ ನಗರದ ನಿಯಂತ್ರಣ ಕೇಂದ್ರ. ಗಗನಯಾತ್ರಿಗಳ ಪಾಲಿನ ಕೆಲಸ ಪೆಟ್ಟಿಗೆ ಬದಲಿಸುವುದು. ಅವರು ಮಲಗಿದ ವೇಳೆಯೇ ಪ್ರಯೋಗಕ್ಕೆ ಪ್ರಶಸ್ತ, ಆಗ ಅಲುಗಾಟ ಕಡಿಮೆ.

ತಣಿಯುವ ಆ ಕೆಲವು ಸೆಕೆಂಡುಗಳಲ್ಲೇ ಅಳತೆ. ಕಾಯಿಸುವ ಕ್ಷೇತ್ರವನ್ನು ಒಂದು ಕ್ಷಣ ಮಿಡಿದರೆ ಅದು ಹನಿಯನ್ನು ಸೊಂಟದಲ್ಲಿ ಹಿಸುಕುತ್ತದೆ. ಬಿಟ್ಟ ಕೂಡಲೇ ಹನಿ ಮೊಟ್ಟೆಯಂತೆ ಉದ್ದವಾಗಿ, ಮತ್ತೆ ಚಪ್ಪಟೆಯಾಗಿ, ಮತ್ತೆ ಉದ್ದವಾಗಿ ಮಿಡಿಯುತ್ತದೆ. ಮಿಡಿತದ ವೇಗವನ್ನು ನಿರ್ಧರಿಸುವುದು ಮೇಲ್ಮೈ ಎಳೆತ. ಮಿಡಿತ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ನಿರ್ಧರಿಸುವುದು ಸ್ನಿಗ್ಧತೆ. 19ನೇ ಶತಮಾನದಲ್ಲೇ ಲಾರ್ಡ್ ರೇಲಿ ಮಿಡಿತದ ಗಣಿತ ಬರೆದಿಟ್ಟಿದ್ದಾನೆ. ಗೋಲಾಕಾರದ ಹನಿಗೆ ಆ ಸೂತ್ರ ಚೊಕ್ಕವಾಗಿದೆ: ಹನಿಯ ದ್ರವ್ಯರಾಶಿಯನ್ನು ಆವರ್ತನದ ವರ್ಗದಿಂದ ಗುಣಿಸಿ, ಬಂದದ್ದನ್ನು ಪೈಯ ಎಂಟರಲ್ಲಿ ಮೂರು ಪಾಲಿನಿಂದ ಗುಣಿಸಿದರೆ ಮೇಲ್ಮೈ ಎಳೆತ ಸಿಗುತ್ತದೆ. ಸಾಂದ್ರತೆಯೂ ಬೇಡ, ವ್ಯಾಸವೂ ಬೇಡ, ತೂಕ ಗೊತ್ತಿದ್ದರೆ ಸಾಕು. ಹೊರಡುವ ಮೊದಲು ತೂಗಿದ್ದು ಇದಕ್ಕೇ.

ನಿಕಲ್ ಹನಿಗೇ ಈ ಲೆಕ್ಕ ಹಾಕಿ ನೋಡೋಣ. 7 ಮಿಲಿಮೀಟರ್ ವ್ಯಾಸದ್ದಾದರೆ ತೂಕ ಸುಮಾರು 1.4 ಗ್ರಾಂ. ಕರಗುವ ಬಿಂದುವಿನಲ್ಲಿ ದ್ರವ ನಿಕಲ್ಲಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 1.78 ನ್ಯೂಟನ್, ನೀರಿನದಕ್ಕಿಂತ ಇಪ್ಪತ್ತನಾಲ್ಕು ಪಟ್ಟು. ಆಗ ಹನಿ ಸೆಕೆಂಡಿಗೆ ಸುಮಾರು 33 ಸಲ ಮಿಡಿಯುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ 66 ಚಿತ್ರ ತೆಗೆಯುವ ಕ್ಯಾಮೆರಾ ಕೂಡ ಸಾಲದು, 150-200 ಚಿತ್ರ ಬೇಕು. ಸ್ನಿಗ್ಧತೆ ನೀರಿನ ಐದು ಪಟ್ಟಿನಷ್ಟು ಎಂದಿಟ್ಟುಕೊಂಡರೆ ಮಿಡಿತದ ಹರವು ಮೂರರಲ್ಲೊಂದಕ್ಕೆ ಇಳಿಯಲು ಸುಮಾರು 4 ಸೆಕೆಂಡು ಹಿಡಿಯುತ್ತದೆ. ಅಡಗುವ ಈ ವೇಗವನ್ನು ನಂಬುವಂತೆ ಅಳೆಯಲು ಹತ್ತು ಸೆಕೆಂಡಾದರೂ ನೆಮ್ಮದಿಯ ಸಮಯ ಬೇಕು. ಬ್ರೆಮೆನ್ ಗೋಪುರ ಯಾಕೆ ಸಾಲದು, ವಿಮಾನದ 22 ಸೆಕೆಂಡು ಯಾಕೆ ಇಕ್ಕಟ್ಟು, ಕಕ್ಷೆ ಯಾಕೆ ಬೇಕು ಎಂಬುದಕ್ಕೆ ಈ 4 ಸೆಕೆಂಡೇ ಉತ್ತರ. ನೆಲದಲ್ಲಿ ತೇಲಿಸಿದ ಹನಿ ಗೋಲಾಕಾರವಾಗಿ ಉಳಿಯದ ಕಾರಣ ಒಂದು ಮಿಡಿತ ಐದು ಬೇರೆ ಬೇರೆ ಆವರ್ತನಗಳಾಗಿ ಒಡೆಯುತ್ತದೆ. ಮೇಲ್ಮೈ ಎಳೆತಕ್ಕೆ ತಿದ್ದುಪಡಿ ಸೂತ್ರಗಳಿವೆ, ಸ್ನಿಗ್ಧತೆಗೆ ಅಂಥ ದಾರಿ ಇಲ್ಲ.

ಮಿಕ್ಕ ಅಳತೆಗಳೂ ಇದೇ ಹನಿಯಿಂದ ಬರುತ್ತವೆ. ಹನಿಯ ಅಂಚನ್ನು ಕ್ಯಾಮೆರಾ ಚಿತ್ರದಲ್ಲಿ ಗುರುತಿಸಿದರೆ ಗಾತ್ರ, ಅದರಿಂದ ಸಾಂದ್ರತೆ ಮತ್ತು ಹಿಗ್ಗುವಿಕೆ. ಕಾಯಿಸುವ ಶಕ್ತಿಯನ್ನು ಅಲೆಯಂತೆ ಏರಿಳಿಸಿ, ಉಷ್ಣತೆ ಎಷ್ಟು ತಡವಾಗಿ, ಎಷ್ಟು ಹರವಿನಲ್ಲಿ ಹಿಂಬಾಲಿಸುತ್ತದೆ ಎಂದು ನೋಡಿದರೆ ವಿಶಿಷ್ಟ ಶಾಖ. ಸುರುಳಿಯ ವಿದ್ಯುತ್ ಗುಣ ಹನಿಯ ಇರವಿನಿಂದ ಎಷ್ಟು ಬದಲಾಯಿತು ಎಂಬುದರಿಂದ ವಿದ್ಯುತ್ ರೋಧ.

ಕೆಡಲು ದಾರಿಗಳು ಬಹಳ. ಹನಿ ಬಿರುಸಾಗಿ ತಿರುಗತೊಡಗಿದರೆ ನೆಲದಂತೆ ಇಲ್ಲೂ ಆವರ್ತನ ಒಡೆಯುತ್ತದೆ. ಮಿಡಿತ ದೊಡ್ಡದಾದರೆ ಚೊಕ್ಕ ಸೂತ್ರ ಅನ್ವಯಿಸುವುದಿಲ್ಲ, ಚಿಕ್ಕದಾದರೆ ಕ್ಯಾಮೆರಾಗೆ ಕಾಣುವುದಿಲ್ಲ. ಒಳಹರಿವು ತೀರಾ ನಿಂತಿರುವುದೂ ಇಲ್ಲ. 1997ರ ಯಾನದಲ್ಲಿ ಪಲ್ಲಾಡಿಯಂ-ಸಿಲಿಕಾನ್ ಹನಿಯ ಮೇಲೆ ತೇಲುತ್ತಿದ್ದ ಕಣಗಳ ಓಟವನ್ನು ನೋಡಿ ಹರಿವು ಯಾವಾಗ ಪ್ರಕ್ಷುಬ್ಧವಾಗುತ್ತದೆ ಎಂದು ಕಂಡುಕೊಂಡರು. ಹರಿವಿನ ರಭಸಕ್ಕೂ ಸ್ನಿಗ್ಧತೆಯ ತಡೆಗೂ ಇರುವ ಅನುಪಾತವಾದ ರೆನಾಲ್ಡ್ಸ್ ಸಂಖ್ಯೆ 600ರ ಆಸುಪಾಸಿನಲ್ಲಿ ಅಚ್ಚುಕಟ್ಟಾದ ಸುಳಿಗಳು ಕದಡಿಹೋದವು. ಅಳತೆಯ ಸಮಯದಲ್ಲಿ ಕಾಯಿಸುವ ಕ್ಷೇತ್ರವನ್ನು ಎಷ್ಟಕ್ಕೆ ಇಳಿಸಿರಬೇಕು ಎಂಬುದಕ್ಕೆ ಇಂಥ ಮಿತಿಗಳೇ ಆಧಾರ.

ಎಲ್ಲಕ್ಕಿಂತ ಕಾಡುವುದು ಆವಿಯಾಗುವಿಕೆ. ಕಾದ ಹನಿಯಿಂದ ಮ್ಯಾಂಗನೀಸ್, ಕ್ರೋಮಿಯಂ, ಅಲ್ಯೂಮಿನಿಯಂ ಸುಲಭವಾಗಿ ಆವಿಯಾಗಿ ಹೋಗುತ್ತವೆ. ಹನಿಯ ತೂಕ ಕುಂದುತ್ತದೆ, ಮಿಶ್ರಣದ ಪ್ರಮಾಣವೇ ಬದಲಾಗುತ್ತದೆ. ಹಾರಿದ ಲೋಹ ಸುರುಳಿಯ ಮೇಲೆ, ಕನ್ನಡಿ-ಗಾಜುಗಳ ಮೇಲೆ ಕೂತು ಪೈರೋಮೀಟರಿನ ಕಣ್ಣು ಮಂಜಾಗಿಸುತ್ತದೆ. ಆಗ ಉಷ್ಣತೆ ಇದ್ದದ್ದಕ್ಕಿಂತ ಕಡಿಮೆ ಎಂದು ತೋರುತ್ತದೆ, ಹಾಗೆಂದು ಇನ್ನಷ್ಟು ಕಾಯಿಸಿದರೆ ಇನ್ನಷ್ಟು ಆವಿ. ಅದಕ್ಕಾಗಿ ಪ್ರತಿ ಮಾದರಿ ಎಷ್ಟು ಹೊತ್ತು, ಎಷ್ಟು ಉಷ್ಣತೆಯಲ್ಲಿ ಇರಬಹುದು ಎಂದು ಮುಂಚೆಯೇ ಲೆಕ್ಕ ಕಟ್ಟುತ್ತಾರೆ. ಆರ್ಗಾನ್ ತುಂಬಿದರೆ ಆವಿಯಾಗುವುದು ತಗ್ಗುತ್ತದೆ, ಆದರೆ ಅನಿಲವೂ ಶಾಖ ಒಯ್ಯುವುದರಿಂದ ಹನಿ ಬೇಗ ತಣಿಯುತ್ತದೆ, ಅಳೆಯಲು ಸಿಗುವ ಹೊತ್ತು ಕಡಿಮೆಯಾಗುತ್ತದೆ. ಒಂದನ್ನು ಉಳಿಸಿದರೆ ಇನ್ನೊಂದನ್ನು ಕಳೆದುಕೊಳ್ಳಬೇಕು. ಭೂಮಿಗೆ ಮರಳಿದ ಗುಂಡನ್ನು ಮತ್ತೆ ತೂಗಿ, ಕೊಯ್ದು, ಮಿಶ್ರಣ ಪರೀಕ್ಷಿಸಿದ ಮೇಲಷ್ಟೇ ಅಂಕಿಗಳಿಗೆ ಬೆಲೆ.

ವಿದ್ಯುತ್ ಹರಿಯದ ಪದಾರ್ಥಗಳಿಗೆ ಸುರುಳಿ ಪ್ರಯೋಜನವಿಲ್ಲ. ನಿಲ್ದಾಣದಲ್ಲೇ ಇರುವ ಜಪಾನಿನ ಕಿಬೋ ಪ್ರಯೋಗಾಲಯದ ಕುಲುಮೆ ಸುಮಾರು 2 ಮಿಲಿಮೀಟರಿನ ಗುಂಡಿಗೆ ವಿದ್ಯುದಾವೇಶ ಕೊಟ್ಟು, ಸುತ್ತಲಿನ ವಿದ್ಯುದ್ವಾರಗಳ ವೋಲ್ಟೇಜನ್ನು ಕ್ಷಣಕ್ಷಣವೂ ತಿದ್ದುತ್ತ ಅದನ್ನು ನಡುವೆ ನಿಲ್ಲಿಸುತ್ತದೆ. ಕಾಯಿಸುವುದು ಲೇಸರ್. ಆಕ್ಸೈಡುಗಳು ಅಷ್ಟಾಗಿ ಆವೇಶ ಹೊರುವುದಿಲ್ಲ, ನೆಲದಲ್ಲಿ ಅವುಗಳ ಭಾರ ಎತ್ತಲು ಆ ಬಲ ಸಾಲದು, ಕಕ್ಷೆಯಲ್ಲಿ ಸಾಕಾಗುತ್ತದೆ. 2400 ಡಿಗ್ರಿ ದಾಟಿದ ಮೇಲೆ ಕರಗುವ ಎರ್ಬಿಯಂ ಆಕ್ಸೈಡಿನ ದ್ರವಸಾಂದ್ರತೆ ಸಿಕ್ಕಿದ್ದು ಹೀಗೆ.

ತೇಲುವ ಹನಿಯ ಇನ್ನೊಂದು ಗುಣ ಲೋಹಶಾಸ್ತ್ರಜ್ಞರಿಗೆ ಬಹಳ ಪ್ರಿಯ. ಪಾತ್ರೆಯ ಗೋಡೆ ಇದ್ದರೆ ಹರಳು ಅಲ್ಲಿಂದಲೇ ಮೊಳೆಯುತ್ತದೆ. ಗೋಡೆಯೇ ಇಲ್ಲದಾಗ ದ್ರವ ತನ್ನ ಘನೀಕರಣ ಬಿಂದುವಿಗಿಂತ ನೂರಾರು ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಇರಬಲ್ಲದು. ಇದು ಅತಿಶೀತಲ ಸ್ಥಿತಿ. ಕೊನೆಗೆ ಎಲ್ಲೋ ಒಂದು ಕಡೆ ಹರಳು ಮೊಳೆತರೆ ಘನೀಕರಣದ ಶಾಖ ಒಮ್ಮೆಲೇ ಹೊರಬಿದ್ದು, ಮಬ್ಬಾಗಿದ್ದ ಹನಿಯ ಮೇಲೆ ಬೆಳಕಿನ ಅಂಚೊಂದು ಓಡುತ್ತದೆ. ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಅದರ ವೇಗ ಅಳೆಯಬಹುದು. ಕಬ್ಬಿಣ-ಕ್ರೋಮಿಯಂ-ನಿಕಲ್ ಮಿಶ್ರಲೋಹಗಳಲ್ಲಿ, ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಬಳಗದಲ್ಲಿ, ಈ ಹೊಳಪು ಎರಡು ಸಲ ಬರುವುದುಂಟು. ಮೊದಲು ಹುಟ್ಟುವುದು ಫೆರೈಟ್ ಎಂಬ ಅಲ್ಪಾಯುಷಿಯಾದ ಹರಳು ರಚನೆ, ಅದನ್ನು ನುಂಗಿಕೊಂಡು ಬರುವುದು ಸ್ಥಿರವಾದ ಆಸ್ಟೆನೈಟ್. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡಗ್ಲಸ್ ಮ್ಯಾಟ್ಸನ್ ಮತ್ತು ಸಂಗಡಿಗರು ಎರಡರ ನಡುವಿನ ಅಂತರವನ್ನು ಅಳೆದಾಗ ಅದು ಹನಿಯ ಒಳಹರಿವನ್ನು ಅವಲಂಬಿಸಿದೆ ಎಂದು ತಿಳಿಯಿತು: ಹೆಚ್ಚು ಕಲಕಿದರೆ ಫೆರೈಟ್ ಬೇಗ ಅಳಿಯುತ್ತದೆ, ಕಕ್ಷೆಯ ನೆಮ್ಮದಿಯಲ್ಲಿ ಹೆಚ್ಚು ಹೊತ್ತು ಬಾಳುತ್ತದೆ. ವೆಲ್ಡಿಂಗ್ ಬೆಸುಗೆಯಲ್ಲಿ, ತೆಳು ಹಾಳೆಯ ಎರಕದಲ್ಲಿ ಯಾವ ರಚನೆ ಉಳಿಯುತ್ತದೆ ಎಂಬುದಕ್ಕೂ ಹರಿವಿಗೂ ನೇರ ನಂಟಿದೆ ಎಂದಾಯಿತು. ಹರಿವನ್ನು ಬೇಕೆಂದಂತೆ ಹೆಚ್ಚು-ಕಡಿಮೆ ಮಾಡಬಲ್ಲ ಜಾಗವಿಲ್ಲದೆ ಇದನ್ನು ಬಿಡಿಸಿ ನೋಡಲು ಆಗುತ್ತಿರಲಿಲ್ಲ.

ಪಾತ್ರೆಯೊಳಗೇ ಕರಗಿಸುವ ಪ್ರಯೋಗಗಳೂ ಇವೆ, ಅಲ್ಲಿ ಗುರಿ ಸಂವಹನವನ್ನು ನಿಲ್ಲಿಸುವುದು. ನೆಲದಲ್ಲಿ ಬಿಸಿ ದ್ರವ ಏರಿ ತಂಪು ದ್ರವ ಇಳಿಯುವ ಈ ಸುತ್ತಾಟ ಎಷ್ಟು ಸಣ್ಣ ಕೊಳವೆಯಲ್ಲೂ ಪೂರ್ತಿ ನಿಲ್ಲುವುದಿಲ್ಲ. 1983ರಲ್ಲಿ, ನೌಕೆಯೊಳಗೆ ಕೂತು ಕಕ್ಷೆಗೆ ಹೋದ ಸ್ಪೇಸ್‌ಲ್ಯಾಬ್-1 ಪ್ರಯೋಗಾಲಯದಲ್ಲಿ, ಬರ್ಲಿನ್ನಿನ ಗುಂಟರ್ ಫ್ರೋಬರ್ಗ್ ತಂಡ ದ್ರವ ತವರದೊಳಗೆ ತವರದ ಪರಮಾಣುಗಳೇ ಎಷ್ಟು ವೇಗವಾಗಿ ಹರಡುತ್ತವೆ ಎಂದು ನೋಡಿತು. ಗುರುತಿಗೆ ಬಳಸಿದ್ದು ತವರದ 112 ಮತ್ತು 124 ಐಸೋಟೋಪುಗಳು, ಅಂದರೆ ತೂಕ ಮಾತ್ರ ಬೇರೆಯಾದ ತವರದ ಪರಮಾಣುಗಳು. ನೆಲದಲ್ಲಿ ಸಿಕ್ಕಿದ್ದ ವಿಸರಣದ ಬೆಲೆಗಳು ಕಕ್ಷೆಯ ಬೆಲೆಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿದ್ದವು. ಹೆಚ್ಚಾದ ಭಾಗವೆಲ್ಲ ಸಂವಹನ ಬೆರೆಸಿದ್ದು. ಕಕ್ಷೆಯ ಬೆಲೆಗಳು ಉಷ್ಣತೆಯ ವರ್ಗಕ್ಕೆ ಅನುಗುಣವಾಗಿ ಏರುತ್ತಿದ್ದವು. ಪುಸ್ತಕಗಳಲ್ಲಿ ಘನವಸ್ತುಗಳಿಂದ ಎರವಲು ತಂದು ಹಾಕಿದ್ದ ಘಾತೀಯ ನಿಯಮಕ್ಕೆ ಅವು ಹೊಂದಲಿಲ್ಲ. ಈ ಪ್ರಯೋಗ ಇಡೀ ಕ್ಷೇತ್ರದ ದಿಕ್ಕು ಬದಲಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅದಕ್ಕೂ ಮೊದಲಿನ ನಿರಾಸೆಯೊಂದು ಕಲಿಸಿದ್ದೂ ಕಡಿಮೆಯಲ್ಲ. ಅಲ್ಯೂಮಿನಿಯಂ ಮತ್ತು ಇಂಡಿಯಂ ಬಹಳ ಕಾಯಿಸಿದಾಗ ಮಾತ್ರ ಬೆರೆಯುತ್ತವೆ, ತಣಿಯುವಾಗ ಬೇರೆಯಾಗುತ್ತವೆ. ನೆಲದಲ್ಲಿ ಹೆಚ್ಚು ಸಾಂದ್ರವಾದ ಇಂಡಿಯಂ ತಳ ಸೇರುತ್ತದೆ. ತೂಕವಿಲ್ಲದಿದ್ದರೆ ಇಂಡಿಯಂ ಹನಿಗಳು ಅಲ್ಯೂಮಿನಿಯಂ ತುಂಬ ಒಂದೇ ಸಮನೆ ಚದುರಿ ನಿಲ್ಲಬೇಕಲ್ಲವೇ? ರಾಕೆಟ್ಟಿನಲ್ಲಿ ಹೋಗಿ ಬಂದ ಮಾದರಿಯನ್ನು ಕೊಯ್ದು ನೋಡಿದರೆ ನಡುವೆ ಅಲ್ಯೂಮಿನಿಯಂ ತಿರುಳು, ಸುತ್ತ ಇಂಡಿಯಂ ಕವಚ. ಗುರುತ್ವ ಹಿಂದೆ ಸರಿದಾಗ ಅದರ ನೆರಳಿನಲ್ಲಿದ್ದ ಬಲಗಳು ಮುಂದೆ ಬಂದಿದ್ದವು. ಇಂಡಿಯಂ ದ್ರವ ಮೂಸೆಯ ಗೋಡೆಗೆ ಹೆಚ್ಚು ಒಲಿದು ಅಂಟಿಕೊಂಡಿತು. ಜೊತೆಗೆ, ಉಷ್ಣತೆ ಬದಲಾದ ಕಡೆಯೆಲ್ಲ ಹನಿಗಳ ಮೇಲ್ಮೈ ಎಳೆತವೂ ಬದಲಾಗುವುದರಿಂದ ಹನಿಗಳು ಬಿಸಿಯ ಕಡೆಗೆ ಸರಿದವು. ಈ ಎರಡನೆಯದು ಮರಂಗೋನಿ ಹರಿವು.

ಮರಂಗೋನಿ ಹರಿವಿಗೆ ನೆಲದಲ್ಲೂ ಕೆಲಸವಿದೆ. ಲೋಹದ 3ಡಿ ಮುದ್ರಣದಲ್ಲಿ, ವೆಲ್ಡಿಂಗಿನಲ್ಲಿ ಕರಗಿದ ಕೊಳ ಕೆಲವೇ ಮಿಲಿಮೀಟರಿನದು, ಅದರೊಳಗಿನ ಓಟವನ್ನು ಗುರುತ್ವಕ್ಕಿಂತ ಹೆಚ್ಚಾಗಿ ಮೇಲ್ಮೈ ಎಳೆತವೇ ನಡೆಸುತ್ತದೆ. ಉಕ್ಕಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಕೆಲವು ಹತ್ತು ಪಾಲು ಹೆಚ್ಚಾದರೆ ಸಾಕು, ಕೊಳದ ಹರಿವಿನ ದಿಕ್ಕೇ ತಿರುಗಿಬಿಡುತ್ತದೆ. ಅಂಚಿನ ಕಡೆಗೆ ಓಡುತ್ತಿದ್ದ ಬಿಸಿ ಲೋಹ ನಡುವಿಗೆ ಬಂದು ಕೆಳಗೆ ಧುಮುಕಿ ಬೆಸುಗೆಯನ್ನು ಆಳ ಮಾಡುತ್ತದೆ. ಒಂದೇ ದರ್ಜೆಯ ಸ್ಟೇನ್‌ಲೆಸ್ ಸ್ಟೀಲು, ಒಂದೇ ಕರೆಂಟು, ಆದರೂ ಒಂದು ಲಾಟಿನಲ್ಲಿ ಬೆಸುಗೆ ಆಳಕ್ಕಿಳಿದು ಇನ್ನೊಂದರಲ್ಲಿ ಮೇಲೇ ಹರಡಿ ನಿಲ್ಲುವುದು ವೆಲ್ಡರುಗಳಿಗೆ ಗೊತ್ತಿರುವ ವಿಷಯ. ಕಾರಣ ಬಹಳ ಸಲ ಇದೇ ಗಂಧಕ. ನಿಲ್ದಾಣದಲ್ಲೂ ಈಗ ಲೋಹ ಮುದ್ರಣ ನಡೆದಿದೆ: 2024ರಲ್ಲಿ ಕೊಲಂಬಸ್ ಪ್ರಯೋಗಾಲಯದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಲೇಸರಿನಿಂದ ಕರಗಿಸಿ ಪದರ ಪದರವಾಗಿ ಕಟ್ಟಿದ ಮಾದರಿಗಳನ್ನು, ನೆಲದಲ್ಲಿ ಮುದ್ರಿಸಿದವುಗಳ ಜೊತೆ ಹೋಲಿಸಲು ಭೂಮಿಗೆ ತಂದರು.

ಭಾರತದ ಪಾಲೂ ಇದರಲ್ಲಿದೆ. 1984ರ ಏಪ್ರಿಲ್‌ನಲ್ಲಿ ಸೋವಿಯತ್ ನಿಲ್ದಾಣ ಸಲ್ಯೂತ್-7ರಲ್ಲಿ ರಾಕೇಶ್ ಶರ್ಮಾ ಇದ್ದಾಗ ನಡೆದ ಪ್ರಯೋಗಗಳಲ್ಲಿ ಬೆಳ್ಳಿ-ಜರ್ಮೇನಿಯಂ ಮಿಶ್ರಲೋಹವನ್ನು ಅತಿಶೀತಲಗೊಳಿಸುವುದೂ ಒಂದು. ನಮ್ಮದೇ ಕುಲುಮೆ ಕಕ್ಷೆಗೆ ಹೋದದ್ದು 2007ರ ಜನವರಿ 10ರಂದು. ಪಿಎಸ್‌ಎಲ್‌ವಿ-ಸಿ7 ಹೊತ್ತೊಯ್ದ 550 ಕಿಲೋಗ್ರಾಂ ತೂಕದ, ಭೂಮಿಗೆ ಮರಳುವ ಎಸ್‌ಆರ್‌ಇ-1 ಕೋಶದೊಳಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಜೊತೆಯಾಗಿ ರೂಪಿಸಿದ ಸಮೋಷ್ಣ (ಒಳಗೆಲ್ಲ ಒಂದೇ ಉಷ್ಣತೆಯ) ಕುಲುಮೆ ಇತ್ತು. ಅದರ ಕೆಲಸ ಲೋಹವನ್ನು ಕರಗಿಸಿ, ಸೂಕ್ಷ್ಮಗುರುತ್ವದಲ್ಲಿ ಮತ್ತೆ ಹರಳುಗಟ್ಟಿಸುವುದು. ಕೋಶ ಕಕ್ಷೆಯಲ್ಲಿದ್ದದ್ದು 12 ದಿನ. ಜನವರಿ 22ರಂದು ಅದು ವಾತಾವರಣ ಹೊಕ್ಕು, ಪ್ಯಾರಾಚೂಟುಗಳಲ್ಲಿ ಬಂಗಾಳ ಕೊಲ್ಲಿಗೆ ಇಳಿಯಿತು, ಕುಲುಮೆಯ ಮಾದರಿಗಳು ಕೈಸೇರಿದವು. ಕೋಶವನ್ನು ಸುರಕ್ಷಿತವಾಗಿ ಮರಳಿಸುವುದು ಆ ಯಾನದ ಮೊದಲ ಗುರಿಯಾಗಿತ್ತು. ಲೋಹಶಾಸ್ತ್ರಕ್ಕೂ ಅದೇ ಮುಖ್ಯ, ಘನವಾದ ಲೋಹವನ್ನು ಕೊಯ್ದು ಸೂಕ್ಷ್ಮದರ್ಶಕದ ಅಡಿ ನೋಡದೆ ಇಂಥ ಪ್ರಯೋಗ ಮುಗಿಯುವುದಿಲ್ಲ.

ಕಕ್ಷೆಯ ಈ ಅಂಕಿಗಳು ಈಗ ಎರಕದ ಸಾಫ್ಟ್‌ವೇರುಗಳ ದತ್ತಾಂಶಕ್ಕೂ ಸೇರುತ್ತಿವೆ. 2004ರಿಂದ 2009ರವರೆಗೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಮುನ್ನಡೆಸಿದ ಇಂಪ್ರೆಸ್ ಯೋಜನೆ ಟೈಟಾನಿಯಂ-ಅಲ್ಯೂಮಿನಿಯಂ ಟರ್ಬೈನ್ ಅಲಗುಗಳ ಎರಕಕ್ಕಾಗಿಯೇ ಇಂಥ ಅಳತೆಗಳನ್ನು ಒಟ್ಟುಗೂಡಿಸಿತು. ನಿಕಲ್ ಮಿಶ್ರಲೋಹದ ಅರ್ಧದಷ್ಟೇ ತೂಗುವ ಈ ಬಗೆಯ ಅಲಗುಗಳು ಬೋಯಿಂಗ್ 787ರ ಜಿಇಎನ್ಎಕ್ಸ್ ಎಂಜಿನ್ನಿನಲ್ಲಿ ಹಾರುತ್ತಿವೆ. ಎರಕವನ್ನು ಕಂಪ್ಯೂಟರಿನಲ್ಲಿ ನೋಡುವ ಪದ್ಧತಿ ಬೆಳಗಾವಿಯಂಥ ಊರಿನ ಫೌಂಡ್ರಿಗಳಿಗೂ ಬಂದಿದೆ. ಕೋಷ್ಟಕದಿಂದ ಬೆಲೆಯೊಂದನ್ನು ಎತ್ತಿಕೊಳ್ಳುವಾಗ ಅದನ್ನು ಮೂಸೆಯಲ್ಲಿ ಅಳೆದದ್ದೋ ತೇಲಿಸಿ ಅಳೆದದ್ದೋ ನೋಡಿ. ಕರಗುವ ಬಿಂದುವಿನ ಬೆಲೆಯೊಂದನ್ನೇ ಕೊಟ್ಟು, ಉಷ್ಣತೆ ಏರಿದಂತೆ ಅದು ಎಷ್ಟು ಇಳಿಯುತ್ತದೆ ಎಂದು ಹೇಳದಿದ್ದರೆ ಆ ಬೆಲೆ ಅರ್ಧ ಮಾತ್ರ. ಮೇಲ್ಮೈ ಎಳೆತದ ಪಕ್ಕದಲ್ಲಿ ಆಕ್ಸಿಜನ್ ಮತ್ತು ಗಂಧಕದ ಪ್ರಮಾಣ ಬರೆದಿಲ್ಲವಾದರೆ ನಿಮ್ಮ ಲಾಟಿನ ಲೋಹಕ್ಕೆ ಅದು ಹೊಂದುತ್ತದೆ ಎಂದುಕೊಳ್ಳಬೇಡಿ.